ಸೃಷ್ಟಿಯ ಚರ್ಚೆಗೆ ಪೂರ್ವಪಕ್ಷ ಬೇಕು

ಶನಿ ಮೀನರಾಶಿಗೆ ಬಂದದ್ದು ಯಾವಾಗ? ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಈ ಪ್ರಶ್ನೆಗೆ ಎರಡು ಉತ್ತರ. ತಿರುಕ್ಕಣಿತ ಪಂಚಾಂಗ ನೋಡುವವರಿಗೆ ಅದು 2025ರ ಮಾರ್ಚ್ 29. ವಾಕ್ಯ ಪಂಚಾಂಗ ನಂಬಿದವರಿಗೆ 2026ರ ಮಾರ್ಚ್ 6. ಒಂದೇ ಬೀದಿಯ ಎದುರುಬದುರು ಮನೆಯವರು ಶನಿಶಾಂತಿಯನ್ನು ಹೆಚ್ಚುಕಡಿಮೆ ಒಂದು ವರ್ಷದ ಅಂತರದಲ್ಲಿ ಮಾಡಿಸಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಇಲ್ಲಿನ ಮಾಧ್ವ ಕುಟುಂಬಗಳಲ್ಲೂ ಏಕಾದಶಿಯ ದಿನ ಮಠದಿಂದ ಮಠಕ್ಕೆ ಬೇರೆಯಾಗುವುದುಂಟು. ಆಚರಣೆಯ ಮಟ್ಟಿಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಅವರವರ ಮಠ, ಅವರವರ ಪಂಚಾಂಗ. ಆದರೆ ಆಕಾಶದಲ್ಲಿರುವ ಶನಿ ಒಬ್ಬನೇ. ಅವನು ಯಾವ ನಕ್ಷತ್ರದ ಪಕ್ಕದಲ್ಲಿದ್ದಾನೆಂದು ನೋಡಬಹುದು, ಯಾವ ಲೆಕ್ಕ ಅವನಿಗೆ ಹತ್ತಿರವೆಂದು ಅಳೆದು ಹೇಳಬಹುದು.

ಹಾಗೆ ಅಳೆದು ಹೇಳಿದವರೊಬ್ಬರು ಇಲ್ಲಿಂದ ರೈಲಿನಲ್ಲಿ ಎರಡೇ ನಿಲ್ದಾಣ ಆಚೆ, ನುಂಗಂಬಾಕ್ಕಂನಲ್ಲಿ ಕೆಲಸ ಮಾಡುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ಮದ್ರಾಸ್ ವೀಕ್ಷಣಾಲಯ ಇದ್ದದ್ದು ಅಲ್ಲಿ. ಅದರ ಪ್ರಧಾನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ರೆಟಿಕ್ಯುಲಮ್ ಪುಂಜದಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದರು. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಫೆಲೋ ಆದರು. ಹಳೆಯ ಕೋಷ್ಟಕಗಳ ಗ್ರಹಸ್ಥಾನಕ್ಕೂ ದೂರದರ್ಶಕದಲ್ಲಿ ಕಾಣುವ ಗ್ರಹಸ್ಥಾನಕ್ಕೂ ತಾಳೆಯಾಗದಿದ್ದಾಗ ಕಣ್ಣಿಗೆ ಕಂಡದ್ದನ್ನು ನಂಬಿ ದೃಗ್ಗಣಿತ (ತಮಿಳಿನಲ್ಲಿ ತಿರುಕ್ಕಣಿತ) ಪಂಚಾಂಗ ಹೊರಡಿಸಿದರು. 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮಣದ ಬಗ್ಗೆ ಜನಸಾಮಾನ್ಯರಿಗಾಗಿ ಒಂದು ಕಿರುಹೊತ್ತಗೆ ಬರೆದರು. ಇಂಗ್ಲಿಷ್, ಉರ್ದುಗಳ ಜೊತೆ ಅದು ಕನ್ನಡದಲ್ಲೂ ಬಂತು. ಸಿದ್ಧಾಂತಿ ಪಂಡಿತನೊಬ್ಬನಿಗೂ ಹೊಸ ಖಗೋಳ ಬಲ್ಲವನೊಬ್ಬನಿಗೂ ನಡೆಯುವ ಸಂವಾದದ ರೂಪದಲ್ಲಿ ಅದನ್ನು ಬರೆದದ್ದು ಅವರ ಜಾಣತನ ಮಾತ್ರವಲ್ಲ, ಸೌಜನ್ಯ ಕೂಡ. ಹಳೆಯ ಪಕ್ಷವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಲಿಲ್ಲ. ಒಳಗೆ ಕೂರಿಸಿಕೊಂಡು ಮಾತಾಡಿದರು.

ಗ್ರಹಸ್ಥಾನದ ಜಗಳ ಹೀಗೆ ಬಗೆಹರಿಯುತ್ತದೆ. ಜಗತ್ತು ಹೇಗೆ ಹುಟ್ಟಿತು, ನಾವು ಕಾಣುವ ಈ ಜಗತ್ತು ನಿಜವೇ ಎಂಬ ಜಗಳಗಳೋ? ಮಾಂಬಲಂನಲ್ಲಿ ಅವಕ್ಕೂ ಬರವಿಲ್ಲ. ಆರ್ಯಗೌಡ ರಸ್ತೆಯ ಅಯೋಧ್ಯಾ ಮಂಟಪದಲ್ಲಿ ಉಪನ್ಯಾಸ ಮುಗಿದ ಮೇಲೆ, ಕಾಫಿಪುಡಿ ಅಂಗಡಿಯ ಮುಂದೆ, ರಾಯರ ಮಠದ ಜಗಲಿಯಲ್ಲಿ ಇವು ಇಂದಿಗೂ ಏಳುತ್ತವೆ. ಶಂಕರರ ಅನುಯಾಯಿಗಳೂ ಮಧ್ವರ ಅನುಯಾಯಿಗಳೂ ರಾಮಾನುಜರ ಅನುಯಾಯಿಗಳೂ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಬೀದಿಗಳಿವು. ಈ ಚರ್ಚೆಗಳು ಬದುಕಿರುವುದು ನನಗೆ ದೊಡ್ಡ ಸಂತೋಷ. ನನ್ನ ಆತಂಕ ಅವುಗಳಲ್ಲಿ ಇತ್ತೀಚೆಗೆ ಸೇರಿಕೊಂಡಿರುವ ಒಂದು ವಾಕ್ಯದ ಬಗ್ಗೆ: ‘ಬಿಗ್ ಬ್ಯಾಂಗ್ ಅಂತ ಇವರು ಈಗ ಹೇಳುತ್ತಿರುವುದನ್ನು ನಮ್ಮ ಋಷಿಗಳು ಆಗಲೇ ಹೇಳಿಬಿಟ್ಟಿದ್ದಾರೆ.’

ಈ ವಾಕ್ಯ ಕಿವಿಗೆ ಹಿತ. ಹೇಳುವವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಇದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಒಟ್ಟಿಗೇ ಅನ್ಯಾಯ ಮಾಡುತ್ತದೆ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ನಮ್ಮ ವಾದಪದ್ಧತಿಯ ಮೊದಲ ಕಟ್ಟಳೆಯೆಂದರೆ, ತನ್ನ ಪಕ್ಷ ಯಾವಾಗ ಸೋತಂತೆ ಎಂದು ವಾದಿ ಮೊದಲೇ ಒಪ್ಪಿ ಕೂರಬೇಕು. ನ್ಯಾಯಸೂತ್ರ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಪಟ್ಟಿಮಾಡಿದ್ದು ಅದಕ್ಕೇ. ಹಿಡಿದ ಪ್ರತಿಜ್ಞೆಯನ್ನು ನಡುವೆ ಬದಲಿಸಿದರೆ ಸೋಲು, ಕೊಟ್ಟ ಹೇತುವನ್ನು ಬಿಟ್ಟು ಬೇರೆ ಹೇತು ತಂದರೆ ಸೋಲು. 1929ರಲ್ಲಿ ಹಬಲ್ ಗ್ಯಾಲಕ್ಸಿಗಳು ದೂರ ಸರಿಯುವುದನ್ನು ತೋರಿಸುವವರೆಗೆ ಯಾವ ವ್ಯಾಖ್ಯಾನಕಾರನೂ ಸೃಷ್ಟಿಯನ್ನು ಹೇಳುವ ಋಗ್ವೇದದ ಹಿರಣ್ಯಗರ್ಭಸೂಕ್ತದಲ್ಲಿ ಅದನ್ನು ಕಂಡಿರಲಿಲ್ಲ. ನಾಳೆ ಸಿದ್ಧಾಂತ ಬದಲಾದರೆ ಇದೇ ಸೂಕ್ತದಲ್ಲಿ ಆ ಹೊಸದೂ ಸಿಗುತ್ತದೆ. ಯಾವ ಫಲಿತಾಂಶ ಬಂದರೂ ಗೆಲ್ಲುವ ಪಕ್ಷ ವಾದದಲ್ಲಿ ಭಾಗವಹಿಸಿಯೇ ಇಲ್ಲ.

ಸಂಖ್ಯೆಗಳ ವಿಷಯವೂ ಹಾಗೆಯೇ. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ. ಎಷ್ಟು ಹತ್ತಿರ ಎಂದು ಬೆರಗಾಗುತ್ತೇವೆ. ಆದರೆ ಬ್ರಹ್ಮಾಂಡದ ಈಗಿನ ಅಂದಾಜು ವಯಸ್ಸು 1380 ಕೋಟಿ ವರ್ಷ, ಅದು ಕಲ್ಪಕ್ಕೂ ಹೊಂದುವುದಿಲ್ಲ, ಬ್ರಹ್ಮನ ನೂರು ವರ್ಷಗಳ 311 ಲಕ್ಷ ಕೋಟಿಗೂ ಹೊಂದುವುದಿಲ್ಲ. ಹಲವು ಸಂಖ್ಯೆಗಳಲ್ಲಿ ಹೊಂದಿದ ಒಂದನ್ನು ಎತ್ತಿ ಉಳಿದವನ್ನು ಬಿಟ್ಟರೆ ಅದು ಪ್ರಮಾಣವಾಗದು. ಕಾಲವನ್ನು ಕೋಟಿಗಳಲ್ಲಿ ಎಣಿಸುವ ಧೈರ್ಯ ನಮ್ಮ ಪೂರ್ವಿಕರಿಗಿತ್ತು ಎಂಬುದು ನಿಜವಾದ ಹೆಮ್ಮೆ. ಅಷ್ಟು ಸಾಕು. ಯುರೇನಿಯಂ ಸೀಸವಾಗುವ ಲೆಕ್ಕದಿಂದ ಬಂದ ಸಂಖ್ಯೆಯೊಡನೆ ಅದನ್ನು ಬೆಸೆಯಬೇಕಾಗಿಲ್ಲ.

ಇನ್ನು ‘ನಮ್ಮ ಋಷಿಗಳು’ ಒಂದೇ ಮಾತು ಹೇಳಿದ್ದರೇ? ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ ಏಳು ಋಕ್ಕುಗಳಲ್ಲಿ ಸೃಷ್ಟಿಯ ಬಗ್ಗೆ ಕೇಳುತ್ತಾ ಹೋಗಿ, ಪರಮವ್ಯೋಮದಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುವವನಿಗಾದರೂ ತಿಳಿದಿದೆಯೋ ಇಲ್ಲವೋ ಎಂಬ ಸಂಶಯದಲ್ಲಿ ನಿಲ್ಲುತ್ತದೆ. ಕುಮಾರಿಲಭಟ್ಟ ವೇದದ ಪರಮ ಪಕ್ಷಪಾತಿ. ಆದರೂ ಜಗತ್ತೆಲ್ಲ ಒಮ್ಮೆ ಸೃಷ್ಟಿಯಾಯಿತು ಎಂಬುದನ್ನೇ ಒಪ್ಪಲಿಲ್ಲ. ಕನ್ನಡ ನಾಡಿನಲ್ಲಂತೂ ಸೃಷ್ಟಿವಾದದ ವಿರುದ್ಧಪಕ್ಷ ಬಹಳ ಗಟ್ಟಿಯಾಗಿ ಬೆಳೆಯಿತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ನೇರವಾಗಿ ಎದುರಿಸಿದರು. ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಸಾಮಗ್ರಿಯನ್ನು ಮಾಡಿದ್ದು ಯಾರು, ಪೂರ್ಣನಾದವನಿಗೆ ಮಾಡುವ ಇಚ್ಛೆ ಏಕೆ ಹುಟ್ಟಿತು ಎಂಬ ಪ್ರಶ್ನೆಗಳನ್ನು ಹೂಡಿ, ಲೋಕ ಅನಾದಿ ಎಂದು ಸಾಧಿಸಿದರು. 941ರಲ್ಲಿ ಪಂಪ ಆದಿಪುರಾಣ ಬರೆದಾಗ ಅವನ ಮುಂದಿದ್ದ ಆಕರ ಇದೇ. ಕಾರ್ಲ್ ಸೇಗನ್ ತಮ್ಮ ‘ಕಾಸ್ಮಾಸ್’ ಪುಸ್ತಕದಲ್ಲಿ ಜಿನಸೇನರ ಈ ವಾದವನ್ನು ಉದ್ಧರಿಸಿದ್ದಾರೆ; ಪಂಪನನ್ನು ಪಠ್ಯದಲ್ಲಿ ಓದಿದ ನಮ್ಮಲ್ಲಿ ಬಹಳ ಮಂದಿಗೆ ಜಿನಸೇನರ ವಾದ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಜಿನಸೇನರ ಹೆಸರಿನ ಪಕ್ಕದಲ್ಲಿ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರನ್ನು ಇಟ್ಟು ನೋಡಬೇಕು. 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಮೂವರು ಬ್ರಹ್ಮಾಂಡಕ್ಕೆ ಆದಿಯಿಲ್ಲ, ಅದು ಹಿಗ್ಗಿದಂತೆ ಹೊಸ ದ್ರವ್ಯ ಸ್ವಲ್ಪಸ್ವಲ್ಪವೇ ಹುಟ್ಟಿ ಎಲ್ಲ ಕಾಲದಲ್ಲೂ ಒಂದೇ ತೆರನಾಗಿ ಕಾಣುತ್ತದೆ ಎಂದರು. ನಮ್ಮ ಜಯಂತ ನಾರ್ಳೀಕರ್ ಕೇಂಬ್ರಿಜ್‌ನಲ್ಲಿ ಹಾಯ್ಲ್ ಶಿಷ್ಯರಾಗಿ ಆ ಪಕ್ಷಕ್ಕೆ ಗಣಿತದ ಬಲ ಕೊಟ್ಟರು. ಅನಾದಿಪಕ್ಷ ಎಂಬಷ್ಟರಲ್ಲಿ ಜಿನಸೇನರೂ ಹಾಯ್ಲರೂ ಒಂದೇ ಕಡೆ. ಆದರೆ ಹಾಯ್ಲ್ ಪಕ್ಷ ಸೋಲಬಲ್ಲದ್ದಾಗಿತ್ತು, ಸೋತಿತು. ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಅಲ್ಲಿಯೂ ಇಲ್ಲಿನಂತೆಯೇ ಇರಬೇಕಿತ್ತು. ಹಾಗಿರಲಿಲ್ಲ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುವ ಸೂಕ್ಷ್ಮತರಂಗವನ್ನು ಪ್ರಕಟಿಸಿದರು. ಅಂಥದೊಂದು ವಿಕಿರಣ ಉಳಿದಿರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕಹಾಕಿದ್ದರು. ಅದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಬರೀ 2.7 ಡಿಗ್ರಿ ಮೇಲೆ. ಕುದಿಯುವ ದಟ್ಟ ಸ್ಥಿತಿಯಿಂದ ಬ್ರಹ್ಮಾಂಡ ತಣ್ಣಗಾಗುತ್ತ, ಸುಮಾರು 3 ಲಕ್ಷ 80 ಸಾವಿರ ವರ್ಷಗಳ ಹೊತ್ತಿಗೆ ಬೆಳಕಿಗೆ ದಾರಿಬಿಟ್ಟಾಗ ಹೊರಟ ಕಿರಣಗಳವು.

ಇನ್ನೊಂದು ಸಾಕ್ಷಿ ಹೀಲಿಯಂ, ಅದರ ಕಥೆಗೆ ನುಂಗಂಬಾಕ್ಕಂನವರೂ ಸೇರಿದ್ದಾರೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ವೀಕ್ಷಣಾಲಯದ ಮುಖ್ಯಸ್ಥ ನಾರ್ಮನ್ ಪಾಗ್ಸನ್ ಮಚಲೀಪಟ್ಟಣಕ್ಕೆ ಹೋದರು, ರಘುನಾಥಾಚಾರ್ಯರು ವನಪರ್ತಿಗೆ. ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕಂಡ ಹಳದಿ ರೇಖೆ ಭೂಮಿಯ ಮೇಲೆ ಆವರೆಗೆ ಗೊತ್ತಿದ್ದ ಯಾವ ಧಾತುವಿನದೂ ಅಲ್ಲವೆಂದು ಮುಂದೆ ಲಾಕ್ಯರ್ ಗುರುತಿಸಿದರು. ಆ ಧಾತು ಬ್ರಹ್ಮಾಂಡದ ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ಕಾಲುಭಾಗವಿದೆ. ನಕ್ಷತ್ರಗಳು ತಮ್ಮ ಆಯುಸ್ಸಿನಲ್ಲಿ ಅಷ್ಟನ್ನು ತಯಾರಿಸಲಾರವು. ಮೊದಲ ಕೆಲವು ನಿಮಿಷಗಳ ಕುದಿಯಲ್ಲಿ ಆಗಿದ್ದರೆ ಲೆಕ್ಕ ಸರಿಹೋಗುತ್ತದೆ. ಈ ಹೀಲಿಯಂ ಸಮಸ್ಯೆಯನ್ನು 1964ರಲ್ಲಿ ರೋಜರ್ ಟೇಲರ್ ಜೊತೆ ಗಂಭೀರವಾಗಿ ಎತ್ತಿದವರು ಯಾರು? ಹಾಯ್ಲ್ ಅವರೇ. ತನ್ನ ಪಕ್ಷಕ್ಕೆ ಕೆಡುಕಾಗುವ ಸಾಕ್ಷಿಯನ್ನು ತಾನೇ ಬರೆದು ಪ್ರಕಟಿಸಿದ ಮನುಷ್ಯನನ್ನು ನಾನು ಸೋತವರ ಸಾಲಿಗೆ ಸೇರಿಸಲಾರೆ.

‘ಅಂದು ಯಾರಿದ್ದರು ನೋಡುವುದಕ್ಕೆ?’ ಎಂಬ ಪ್ರಶ್ನೆ ಪ್ರತಿ ಚರ್ಚೆಯಲ್ಲೂ ಬರುತ್ತದೆ. ವೆಸ್ಟ್ ಮಾಂಬಲಂನವರಿಗೆ ಇದಕ್ಕೆ ಉತ್ತರ ಕಾಲಡಿಯಲ್ಲೇ ಇದೆ. ಇಲ್ಲಿ ಲೇಕ್ ವ್ಯೂ ರಸ್ತೆಯಿದೆ, ಕಾಣಲು ಕೆರೆಯಿಲ್ಲ. ಮದ್ರಾಸಿನ ಪಶ್ಚಿಮದ ಅಂಚಿನಲ್ಲಿ ಹರಡಿದ್ದ ಉದ್ದನೆಯ ಕೆರೆಯನ್ನು 1920ರ ದಶಕದಿಂದಾಚೆಗೆ ಬರಿದು ಮಾಡಿ ತ್ಯಾಗರಾಯನಗರ ಕಟ್ಟಿದರು. ಕೆರೆ ಕಂಡವರು ಇಂದು ಉಳಿದಿರಲಾರರು. ಆದರೂ ರಸ್ತೆಯ ಹೆಸರು, ಹಳೆಯ ನಕ್ಷೆ, ನೆಲದ ತಗ್ಗು, 2015ರ ಡಿಸೆಂಬರಿನ ಪ್ರವಾಹದಲ್ಲಿ ಮನೆಯೊಳಗೆ ನಿಂತ ನೀರು, ಇವನ್ನೆಲ್ಲ ಒಟ್ಟಿಗೆ ಇಟ್ಟರೆ ಕೆರೆಯಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು. ತರ್ಕಶಾಸ್ತ್ರ ಇದನ್ನು ಶೇಷವತ್ ಅನುಮಾನ ಎನ್ನುತ್ತದೆ: ಕಾರ್ಯ ಕಂಡು ಕಾರಣ ಊಹಿಸುವುದು. ಗ್ಯಾಲಕ್ಸಿಗಳ ಓಟ, ಹೀಲಿಯಂ ಪ್ರಮಾಣ, ಹಿನ್ನೆಲೆಯ ವಿಕಿರಣ ಮೂರೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಕಡೆ ಕೈತೋರಿಸುವಾಗ, ನೋಡಿದವರಿಲ್ಲ ಎಂದು ತಳ್ಳಿಹಾಕುವುದು ಅನುಮಾನಪ್ರಮಾಣವನ್ನೇ ತಳ್ಳಿಹಾಕಿದಂತೆ. ಅದನ್ನು ಮಾಡಿದವರು ನಮ್ಮಲ್ಲಿ ಚಾರ್ವಾಕರು ಮಾತ್ರ.

ಆದರೆ ವಿಜ್ಞಾನದ ಅಭಿಮಾನಿಗಳೂ ಒಂದು ಕಡೆ ಗೆರೆ ದಾಟುತ್ತಾರೆ. ‘ಏನೂ ಇಲ್ಲದುದರಿಂದ ಎಲ್ಲ ಬಂತು, ವಿಜ್ಞಾನ ಸಾಧಿಸಿಬಿಟ್ಟಿದೆ’ ಎನ್ನುತ್ತಾರೆ. ಸಾಧಿಸಿಲ್ಲ. ಸಾಧಿಸಿರುವುದು ಹಿಂದೆ ಬಿಸಿಯಾದ ದಟ್ಟವಾದ ಸ್ಥಿತಿಯೊಂದಿತ್ತು ಎಂಬುದನ್ನು. ಅದಕ್ಕೂ ಹಿಂದೆ ಹೋದರೆ ಐನ್‌ಸ್ಟೈನರ ಸಮೀಕರಣಗಳೇ ಮುರಿಯುತ್ತವೆ; ಗುರುತ್ವ ಮತ್ತು ಕ್ವಾಂಟಂ ಎರಡನ್ನೂ ಕೂಡಿಸುವ, ಪರೀಕ್ಷೆಗೆ ನಿಂತ ಸಿದ್ಧಾಂತ ಇನ್ನೂ ಇಲ್ಲ. ಲಾರೆನ್ಸ್ ಕ್ರೌಸ್ 2012ರ ತಮ್ಮ ಪುಸ್ತಕದಲ್ಲಿ ಶೂನ್ಯದಿಂದ ಬ್ರಹ್ಮಾಂಡ ಎಂದಾಗ, ಡೇವಿಡ್ ಆಲ್ಬರ್ಟ್ ಎಂಬ ತತ್ತ್ವಜ್ಞ ಎತ್ತಿದ ಆಕ್ಷೇಪ, ಇಲ್ಲದ್ದರಿಂದ ಏನೂ ಹುಟ್ಟದೆನ್ನುವ ನಮ್ಮ ಸಾಂಖ್ಯರಿಗೆ ಪರಿಚಿತವಾದದ್ದೇ: ನಿಯಮಗಳೂ ಕ್ಷೇತ್ರಗಳೂ ಇರುವ ನಿರ್ವಾತವನ್ನು ‘ಏನೂ ಇಲ್ಲ’ ಎಂದು ಕರೆಯುವುದು ಹೇಗೆ?

ಬಿಗ್ ಬ್ಯಾಂಗ್ ದೇವರಿಗೆ ಸಾಕ್ಷಿಯೆಂದು ಹಿಗ್ಗುವ ಆಸ್ತಿಕರಿಗೂ ಇದೇ ಎಚ್ಚರ ಬೇಕು. 1951ರಲ್ಲಿ ಹನ್ನೆರಡನೆಯ ಪಿಯಸ್ ಪೋಪ್ ಹಾಗೆ ಹಿಗ್ಗಿ ಭಾಷಣ ಮಾಡಿದಾಗ ಅದು ಹಿಡಿಸದೇ ಹೋದದ್ದು ಜಾರ್ಜ್ ಲೆಮೈತ್ರರಿಗೆ. ಅವರು ಪಾದ್ರಿ, ಹಿಗ್ಗುವ ಬ್ರಹ್ಮಾಂಡವನ್ನು 1927ರಲ್ಲೇ ಲೆಕ್ಕಹಾಕಿ ತೋರಿಸಿದವರೂ ಅವರೇ. ದೇವರನ್ನು ಒಂದು ಸಮೀಕರಣದ ಹಿಂದೆ ನಿಲ್ಲಿಸಬಾರದೆಂಬ ವಿವೇಕ ಅವರಿಗಿತ್ತು. ಮಧ್ವಾಚಾರ್ಯರಲ್ಲೂ ಆ ವಿವೇಕ ಕಾಣುತ್ತದೆ, ಅದೂ ಬಹಳ ಸೂಕ್ಷ್ಮವಾಗಿ. ಅವರ ಮತದಲ್ಲಿ ಮುಖ್ಯ ಭೇದ ಆದಿಯುಳ್ಳದ್ದು, ಆದಿಯಿಲ್ಲದ್ದು ಎಂಬುದಲ್ಲ. ಸ್ವತಂತ್ರ, ಪರತಂತ್ರ ಎಂಬುದು. ಜೀವ, ಪ್ರಕೃತಿ, ಕಾಲ ಅನಾದಿಯಾದರೂ ಈಶ್ವರನ ಅಧೀನ. ನಿತ್ಯವಸ್ತುಗಳಿಗೂ ‘ಪರಾಧೀನ ವಿಶೇಷಾಪ್ತಿ’ (ಇನ್ನೊಬ್ಬನ ಅಧೀನದಲ್ಲಿ ಹೊಸ ವಿಶೇಷವನ್ನು ಪಡೆಯುವುದು) ಎಂಬ ಅರ್ಥದಲ್ಲಿ ಸೃಷ್ಟಿಯುಂಟು. ಅಂದರೆ ಬ್ರಹ್ಮಾಂಡಕ್ಕೆ 1380 ಕೋಟಿ ವರ್ಷಗಳ ಹಿಂದೆ ಮೊದಲ ಕ್ಷಣವಿತ್ತೆಂದು ಸಾಧಿಸಿದರೂ, ಇರಲಿಲ್ಲವೆಂದು ಸಾಧಿಸಿದರೂ, ಅವರ ಈಶ್ವರವಾದಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಮಾಧ್ವನೊಬ್ಬ ಬಿಗ್ ಬ್ಯಾಂಗನ್ನು ಎತ್ತಿ ಹಿಡಿದು ಕುಣಿಯುವುದು ತನ್ನ ಆಚಾರ್ಯರನ್ನು ಸರಿಯಾಗಿ ಓದದ ಗುರುತು.

ಈಗ ಎರಡನೆಯ ಪ್ರಶ್ನೆ: ಕಾಣುವ ಜಗತ್ತು ನಿಜವೇ? ಯಾವ ದೂರದರ್ಶಕವೂ ಇದಕ್ಕೆ ಉತ್ತರ ಕೊಡದು. ಆದರೆ ದೂರದರ್ಶಕವಿಲ್ಲದೆಯೂ ಕಟ್ಟುನಿಟ್ಟಾಗಿ ವಾದಿಸಬಹುದು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಹುಟ್ಟಿದ ಒಂದು ಗ್ರಂಥಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ವಿಜಯನಗರದ ವ್ಯಾಸತೀರ್ಥರು (1460–1539) ‘ನ್ಯಾಯಾಮೃತ’ ಬರೆದರು. ಜಗತ್ತು ಮಿಥ್ಯೆ ಎನ್ನುವಾಗ ಮಿಥ್ಯೆಯೆಂದರೆ ಏನು ಎಂದು ಕೇಳಿ, ಅದ್ವೈತಿಗಳ ಐದು ಲಕ್ಷಣಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷಿಸಿದರು. ‘ಜಗತ್ತು ಮಿಥ್ಯೆ’ ಎಂಬ ಈ ಮಿಥ್ಯಾತ್ವವೇ ಮಿಥ್ಯೆಯೋ ಸತ್ಯವೋ ಎಂಬ ಪ್ರಶ್ನೆ ಹಾಕಿದರು. ಸತ್ಯವೆಂದರೆ ಬ್ರಹ್ಮವಲ್ಲದ ಎರಡನೆಯ ಸತ್ಯ ಬಂತು. ಮಿಥ್ಯೆಯೆಂದರೆ ಜಗತ್ತು ಸತ್ಯವಾಗಿ ಉಳಿಯಿತು. ಕಾಶಿಯಲ್ಲಿದ್ದ ಮಧುಸೂದನ ಸರಸ್ವತಿಗಳು ಈ ಆಕ್ಷೇಪಗಳನ್ನು ಸಾಲುಸಾಲಾಗಿ ಎತ್ತಿಕೊಂಡು ‘ಅದ್ವೈತಸಿದ್ಧಿ’ಯಲ್ಲಿ ಉತ್ತರಿಸಿದರು. ಜಗತ್ತನ್ನೂ ಅದರ ಮಿಥ್ಯಾತ್ವವನ್ನೂ ಅಲ್ಲಗಳೆಯುವ ಹೇತು ಒಂದೇ ಆಗಿರುವಾಗ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ ಎನ್ನುವಂತಿಲ್ಲ ಎಂದರು. ಇದು ಸಾಮಾನ್ಯ ಉತ್ತರವಲ್ಲ. ಅದಕ್ಕೆ ವ್ಯಾಸ ರಾಮಾಚಾರ್ಯರ ‘ತರಂಗಿಣಿ’ ಪ್ರತ್ಯುತ್ತರವಾಯಿತು. ಅವರು ಮಧುಸೂದನರ ಬಳಿಯೇ ಹೋಗಿ ಓದಿ ಬಂದು ಬರೆದರೆಂಬ ಪ್ರತೀತಿಯಿದೆ. ಮತ್ತೆ ಅದಕ್ಕೆ ಬ್ರಹ್ಮಾನಂದರ ಉತ್ತರ. ರಾಘವೇಂದ್ರ ರಾಯರೂ ಈ ತರ್ಕದ ಪರಂಪರೆಯವರೇ. ಮಂತ್ರಾಕ್ಷತೆಗೆ ಸಾಲುನಿಲ್ಲುವ ನಾವು, ಅವರು ಜಯತೀರ್ಥರ ‘ನ್ಯಾಯಸುಧಾ’ಕ್ಕೆ ‘ಪರಿಮಳ’ ಬರೆದ ತಾರ್ಕಿಕರೆಂಬುದನ್ನು ಮರೆಯದಿದ್ದರೆ ಒಳ್ಳೆಯದು.

ಇಲ್ಲಿ ನಾನು ಮಧ್ವರ ದ್ವೈತದ ಕಡೆ ವಾಲುತ್ತೇನೆ, ಕಾರಣ ಒಂದು ವಾದ. ಯಾವುದನ್ನು ಆಧರಿಸಿ ನಿಂತಿದ್ದೇವೋ ಅದನ್ನೇ ಕೆಡವುವ ಅನುಮಾನ ನಿಲ್ಲಲಾರದು. ಇದಕ್ಕೆ ಉಪಜೀವ್ಯವಿರೋಧ ಎಂದು ಹೆಸರು. ಪ್ರತ್ಯಕ್ಷವೇ ಸುಳ್ಳೆನ್ನುವ ಅನುಮಾನಕ್ಕೆ ಪಕ್ಷ, ಹೇತು, ದೃಷ್ಟಾಂತ ಎಲ್ಲ ಪ್ರತ್ಯಕ್ಷದಿಂದಲೇ ಸಿಗಬೇಕು. ನಿಕ್ ಬೋಸ್ಟ್ರಮ್ 2003ರಲ್ಲಿ ಮುಂದಿಟ್ಟ, ನಾವೆಲ್ಲ ಯಾರದೋ ಕಂಪ್ಯೂಟರಿನೊಳಗಿನ ತೋರಿಕೆಗಳಿರಬಹುದು ಎಂಬ ವಾದ ಈಗ ಐ.ಟಿ. ಹುಡುಗರ ಬಾಯಲ್ಲಿ ದಿನವೂ ಕೇಳುತ್ತದೆ. ಕಂಪ್ಯೂಟರ್ ಎಷ್ಟು ವೇಗವಾಗಬಲ್ಲದು, ಮಿದುಳು ಎಷ್ಟು ಗಣನೆ ಮಾಡುತ್ತದೆ ಎಂಬ ಅದರ ಹೇತುಗಳೆಲ್ಲ ಈ ಜಗತ್ತನ್ನು ನಂಬಿ ಕಲಿತವು. ಈ ಜಗತ್ತು ತೋರಿಕೆಯಾದರೆ ಆ ಹೇತುಗಳನ್ನು ನಂಬಲು ಕಾರಣವೇ ಉಳಿಯದು. ಐದು ಶತಮಾನ ಹಿಂದಿನ ಆಕ್ಷೇಪ ಇಂದಿನ ವಾದಕ್ಕೂ ತಾಗುತ್ತದೆ. ಪರಂಪರೆ ಜೀವಂತವೆಂದರೆ ನನಗೆ ಇದೇ ಅರ್ಥ. ಅದ್ವೈತಿಯ ಉತ್ತರವನ್ನೂ ಹೇಳಲೇಬೇಕು: ವ್ಯಾವಹಾರಿಕ ಸತ್ಯವನ್ನು ನಾವು ಎಂದೂ ಅಲ್ಲಗಳೆದಿಲ್ಲ, ಕನಸಿನ ಹುಲಿಯೂ ನಿಜವಾಗಿ ಎಚ್ಚರಿಸಬಲ್ಲದು, ಮಿಥ್ಯೆಯಾದದ್ದೂ ಸತ್ಯದ ಅರಿವಿಗೆ ದಾರಿಯಾಗಬಲ್ಲದು. ಇದು ಗಟ್ಟಿ ಮಾತು. ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಇಂಥ ವಾದ ಮತ್ತೆ ನಡೆಯಬೇಕೆಂಬುದು ನನ್ನ ಆಸೆ. 1962ರಲ್ಲಿ ಅಲ್ಲಾಡಿ ರಾಮಕೃಷ್ಣನ್ ಸ್ಥಾಪಿಸಿದ ಗಣಿತವಿಜ್ಞಾನ ಸಂಸ್ಥೆ ಇದೇ ಊರಿನ ತರಮಣಿಯಲ್ಲಿದೆ. ಮಾಂಬಲಂನ ಮಠಗಳಿಗೆ ನ್ಯಾಯ, ವೇದಾಂತ ಓದಿದ ವಿದ್ವಾಂಸರು ಬಂದುಹೋಗುತ್ತಿರುತ್ತಾರೆ. ಇಬ್ಬರನ್ನೂ ಒಂದು ಜಮಖಾನದ ಮೇಲೆ ಕೂರಿಸಿ, ಎದುರಾಳಿಯ ಪಕ್ಷವನ್ನು, ಅಂದರೆ ಪೂರ್ವಪಕ್ಷವನ್ನು, ಅವನೇ ಒಪ್ಪುವಂತೆ ಹೇಳಿದ ಮೇಲಷ್ಟೇ ಖಂಡನೆಗೆ ಅವಕಾಶ ಎಂಬ ವಾಕ್ಯಾರ್ಥಸಭೆಯ ಕ್ರಮವನ್ನು ಪಾಲಿಸಬೇಕು. ಮೊದಲ ವಿಷಯವಾಗಿ ಕಾಲವನ್ನೇ ಎತ್ತಿಕೊಳ್ಳಬೇಕು, ಏಕೆಂದರೆ ಇಲ್ಲಿ ಮಧ್ವರ ತತ್ತ್ವವಾದಕ್ಕೆ ನಿಜವಾದ ಅಪಾಯವಿದೆ. ಕಾಲ ಮತ್ತು ದೇಶ ಸಾಕ್ಷಿಗೆ (ಜೀವನ ಒಳಗೇ ಇರುವ ಅರಿವಿನ ಶಕ್ತಿಗೆ) ನೇರವಾಗಿ ಗೋಚರ, ಅವಕ್ಕೆ ಆದಿಯೂ ಅಂಚೂ ಇಲ್ಲ, ‘ಕಾಲಕ್ಕೆ ಮೊದಲು’ ಎಂಬ ಮಾತಿನಲ್ಲೇ ವಿರೋಧವಿದೆ, ಸಾಕ್ಷಿಯ ಅರಿವು ಎಂದೂ ತಪ್ಪದು ಎನ್ನುತ್ತದೆ ಮಧ್ವಸಿದ್ಧಾಂತ. ಐನ್‌ಸ್ಟೈನರ ಪ್ರಕಾರ ಎಲ್ಲರಿಗೂ ಒಂದೇ ಆದ ‘ಈಗ’ ಎಂಬುದಿಲ್ಲ. ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಕೊಟ್ಟ ಸಮೀಕರಣವನ್ನು ಹಿಡಿದು ಪೆನ್‌ರೋಸ್, ಹಾಕಿಂಗ್ ಇಬ್ಬರೂ ಕಾಲದ ಗೆರೆಗಳು ಹಿಂದಕ್ಕೆ ಅನಂತವಾಗಿ ಸಾಗದೆ ಮುಗಿಯಬಲ್ಲವು ಎಂದು ತೋರಿಸಿದರು. 1983ರಲ್ಲಿ ಹಾರ್ಟಲ್ ಮತ್ತು ಹಾಕಿಂಗ್ ಮೊದಲ ಕ್ಷಣವೂ ಇಲ್ಲದ, ಅಂಚೂ ಇಲ್ಲದ, ಆದರೂ ಸೀಮಿತವಾದ ಕಾಲವನ್ನು ಗಣಿತದಲ್ಲಿ ಬರೆದು ತೋರಿಸಿದರು. ಸಾಕ್ಷಿ ಹಿಡಿಯುವ ಕಾಲವೂ ಗಡಿಯಾರ ಅಳೆಯುವ ಕಾಲವೂ ಬೇರೆ ಎಂದು ಮಾಧ್ವ ವಿದ್ವಾಂಸ ಹೇಳಬಹುದು. ಹಾಗೆ ಹೇಳಿದರೆ ಜಗತ್ತನ್ನು ಅದು ಇರುವಂತೆಯೇ ಸಾಕ್ಷಿ ಪ್ರಮಾಣೀಕರಿಸುತ್ತದೆ ಎಂಬ ಮಾತನ್ನು ಎಲ್ಲಿಯವರೆಗೆ ಉಳಿಸಿಕೊಳ್ಳಬಲ್ಲ? ನನ್ನಲ್ಲಿ ಇದಕ್ಕೆ ಉತ್ತರವಿಲ್ಲ. ವ್ಯಾಸತೀರ್ಥರು ಬದುಕಿದ್ದರೆ ಸಾಪೇಕ್ಷತೆಯನ್ನು ಕಲಿಯದೆ ಇದಕ್ಕೆ ಉತ್ತರ ಬರೆಯುತ್ತಿರಲಿಲ್ಲ ಎಂಬುದಷ್ಟೇ ನನಗೆ ಖಚಿತ.